ಹೆಸ್‌ಡಾಲೆನ್‌ನ ಕೊಳ್ಳಿದೆವ್ವಗಳು

ನಾರ್ವೆಯ ಹೆಸ್‌ಡಾಲೆನ್ ಕಣಿವೆಯಲ್ಲಿ ಡಿಸೆಂಬರ್ ತಿಂಗಳ ಹಗಲು ಐದು ಗಂಟೆಯೂ ತುಂಬುವುದಿಲ್ಲ. ಮಧ್ಯಾಹ್ನ ಎರಡೂವರೆ ಸುಮಾರಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕಣಿವೆಯ ಉದ್ದ ಹೆಚ್ಚೆಂದರೆ ಹದಿನೈದು ಕಿಲೋಮೀಟರ್, ನಡುವೆ ಹೆಸ್ಯಾ ಎಂಬ ಹೊಳೆ, ಎರಡೂ ಬದಿಗೆ ಗುಡ್ಡ. ಅಲ್ಲೊಂದು ಇಲ್ಲೊಂದು ಮನೆ. ಎಲ್ಲ ಸೇರಿಸಿದರೂ ಜನ ಇನ್ನೂರು ದಾಟುವುದು ಕಷ್ಟ. ಹತ್ತಿರದ ದೊಡ್ಡ ನಗರ ಟ್ರೋಂಡ್‌ಹೈಮ್ ಇರುವುದು ಉತ್ತರಕ್ಕೆ 120 ಕಿಲೋಮೀಟರ್ ಆಚೆ. ಚಳಿಗಾಲದಲ್ಲಿ ಪಾದರಸ ಸೊನ್ನೆಯಿಂದ 30 ಡಿಗ್ರಿ ಕೆಳಗಿಳಿದರೆ ಅಲ್ಲಿ ಯಾರೂ ಅದನ್ನು ಮಾತಿಗೆ ತೆಗೆಯುವುದಿಲ್ಲ.

1981ರ ಡಿಸೆಂಬರ್‌ನಿಂದ ಅವರು ಮಾತಿಗೆ ತೆಗೆದದ್ದು ಬೆಳಕುಗಳನ್ನು. ಅದಕ್ಕೆ ಮೊದಲು ಕಂಡೇ ಇರಲಿಲ್ಲ ಎಂದಲ್ಲ. 1930ರ ದಶಕದಿಂದಲೂ ಯಾರಾದರೊಬ್ಬರು ಅಪರೂಪಕ್ಕೆ ಏನೋ ಕಂಡೆವು ಎನ್ನುತ್ತಿದ್ದರು. ಈ ಸಲ ಮಾತ್ರ ಅದು ವಾರಕ್ಕೆ 15–20 ಬಾರಿ ಕಾಣತೊಡಗಿತು. ಕೆಲವು ನೀಲಿ ಬೆರೆತ ಬಿಳಿಯ ಕ್ಷಣಮಾತ್ರದ ಮಿಂಚು. ಕೆಲವು ಹಳದಿ ಬೆಳಕಿನ ಮೇಲೊಂದು ಕೆಂಪು ಚುಕ್ಕಿ. ಇನ್ನು ಕೆಲವು ಹಳದಿ-ಬಿಳಿ ಉಂಡೆಗಳು: ನಿಂತಲ್ಲೇ ಒಂದು ಗಂಟೆಗೂ ಮೀರಿ ನಿಂತು, ಆಮೇಲೆ ಮೆಲ್ಲಗೆ ಅಡ್ಡಾಡಿ, ಒಮ್ಮೊಮ್ಮೆ ಗಕ್ಕನೆ ವೇಗ ಹೆಚ್ಚಿಸಿಕೊಂಡು ಮಾಯವಾಗುವಂಥವು. ಎಷ್ಟೋ ಸಲ ಅವು ಕಂಡದ್ದು ಆಕಾಶದಲ್ಲೂ ಅಲ್ಲ, ಗುಡ್ಡದ ನೆತ್ತಿಗಿಂತ ಕೆಳಗೆ, ಮನೆಯ ಮಾಡಿಗಿಂತ ತುಸು ಮೇಲೆ. ಸದ್ದಿಲ್ಲ. ಪತ್ರಿಕೆಯವರು ಬಂದರು, ಅವರ ಹಿಂದೆ ಹಾರುವ ತಟ್ಟೆಗಳ ಭಕ್ತರು ಬಂದರು, ಕುತೂಹಲಕ್ಕೆ ಬಂದವರು ಹಿಮದ ನಡುವೆ ರಾತ್ರಿಯಿಡೀ ಕತ್ತು ಎತ್ತಿ ಕಾದರು. 1984ರ ಬೇಸಿಗೆಯ ಹೊತ್ತಿಗೆ ಈ ಅಬ್ಬರ ಇಳಿಯಿತು.

ದೂರದ ಒಂದು ಊರಿನ ಮೇಲೆ ಹೀಗೆ ಅಲೆಯಂತೆ ಏರಿ ಇಳಿಯುವ ಪ್ರಕರಣಗಳು ಜಗತ್ತಿನಲ್ಲಿ ಹಲವಿವೆ. ಹೆಸ್‌ಡಾಲೆನ್ ಅವುಗಳ ನಡುವೆ ಬೇರೆಯಾಗಿ ನಿಲ್ಲುವುದು ಒಂದೇ ಕಾರಣಕ್ಕೆ: ಅಲ್ಲಿ ಅಳತೆಯ ಉಪಕರಣಗಳು ಹೋದವು, ಹೋದವು ಮರಳಿ ಬರಲಿಲ್ಲ. ನಲವತ್ತು ವರ್ಷವಾದರೂ ಅಳತೆ ನಡೆದೇ ಇದೆ. ಆ ಅಳತೆ ಏನು ಹೇಳಿತು, ಏನು ಹೇಳಲಾಗಲಿಲ್ಲ, ಯಾಕೆ ಆಗಲಿಲ್ಲ ಎನ್ನುವುದು ನನಗೆ ಅನ್ಯಗ್ರಹದವರ ಕತೆಗಿಂತ ರುಚಿಯ ಸಂಗತಿ.

ಹೆಸರಿಟ್ಟ ಮೇಲೆ

ಯುಎಫ್‌ಒ ಎಂದರೆ ಗುರುತು ಸಿಗದ ಹಾರುವ ವಸ್ತು. ಗುರುತು ಸಿಕ್ಕಿಲ್ಲ ಎನ್ನುವುದು ನೋಡಿದವರ ಸ್ಥಿತಿ. ಆ ವಸ್ತುವಿನ ಗುಣವಲ್ಲ. ಆದರೆ ಮಾತಿನ ಬಳಕೆಯಲ್ಲಿ ಅದು ತಲೆಕೆಳಗಾಗಿದೆ. "ಅದು ಯುಎಫ್‌ಒ" ಎಂದಾಕ್ಷಣ ಗುರುತು ಸಿಕ್ಕಿಯೇ ಬಿಟ್ಟಿತು ಎಂಬಂತೆ ಕೇಳಿಸುತ್ತದೆ.

'ಹಾರುವ ತಟ್ಟೆ' ಎಂಬ ಹೆಸರು ಹುಟ್ಟಿದ ಬಗೆಯೂ ಇಂಥದ್ದೇ. 1947ರ ಜೂನ್ 24ರಂದು ಅಮೆರಿಕದ ಕೆನೆತ್ ಆರ್ನಾಲ್ಡ್ ಎಂಬ ಪೈಲಟ್ ಮೌಂಟ್ ರೇನಿಯರ್ ಪರ್ವತದ ಬಳಿ ಹೊಳೆಯುವ ಒಂಬತ್ತು ವಸ್ತುಗಳನ್ನು ಕಂಡ. ನೀರಿನ ಮೇಲೆ ಬಸಿ ಎಸೆದರೆ ಅದು ಪುಟಿಯುತ್ತ ಹೋಗುವಂತೆ ಅವು ಚಲಿಸಿದವು ಎಂದು ಆತ ವಿವರಿಸಿದ. ಅವನು ಹೇಳಿದ್ದು ಚಲನೆಯ ಬಗೆ. ಪತ್ರಿಕೆಗಳು ಹಿಡಿದುಕೊಂಡದ್ದು ಬಸಿಯ ಆಕಾರ. ಅಲ್ಲಿಂದಾಚೆ ಜನರಿಗೆ ಕಂಡದ್ದೆಲ್ಲ ತಟ್ಟೆ.

ನಮ್ಮಲ್ಲಿ ಇಂಥ ಬೆಳಕಿಗೆ ಬಹಳ ಹಿಂದೆಯೇ ಹೆಸರಿತ್ತು: ಕೊಳ್ಳಿದೆವ್ವ. ರಾತ್ರಿ ಗದ್ದೆಯ ಬದುವಿನ ಮೇಲೆ, ಜೌಗಿನ ಬಳಿ, ಸುಡುಗಾಡಿನ ಆಚೆ ಒಂದು ಕೊಳ್ಳಿ ತಾನೇ ತಾನಾಗಿ ನಡೆದು ಹೋಗುತ್ತದೆ, ಹಿಂದೆ ಹೋದವರಿಗೆ ದಾರಿ ತಪ್ಪುತ್ತದೆ ಎಂದು ಅಜ್ಜಿಯಂದಿರು ಹೇಳುತ್ತಿದ್ದರು. ಜೌಗಿನಲ್ಲಿ ಕೊಳೆತದ್ದರಿಂದ ಏಳುವ ಅನಿಲ ಹೊತ್ತಿಕೊಳ್ಳುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟರು. ಆಚೆ ದಿಣ್ಣೆಯಲ್ಲಿ ಯಾರೋ ಸೂಡಿ ಹಿಡಿದು ನೆಂಟರ ಮನೆಗೆ ಹೋಗುತ್ತಿದ್ದದ್ದೂ ಇದ್ದೀತು. ಗಮನಿಸಬೇಕಾದ್ದು ಹೆಸರು ಮಾಡುವ ಕೆಲಸವನ್ನು. ಕೊಳ್ಳಿದೆವ್ವ ಎಂದವರು ಮನೆಗೆ ಓಡಿ ಬಾಗಿಲಿಗೆ ಅಗಣಿ ಹಾಕುತ್ತಾರೆ. ಹಾರುವ ತಟ್ಟೆ ಎಂದವರು ಅದಕ್ಕೆ ಕಿಟಕಿ ಇತ್ತೇ ಎಂದು ನೆನಪು ಕೆದಕುತ್ತಾರೆ. ಶತ್ರುವಿನ ಡ್ರೋನ್ ಎಂದವರು ಗಡಿ ಉಲ್ಲಂಘನೆ ಎಂದು ದಾಖಲಿಸುತ್ತಾರೆ. ಈ ಮೂರನೆಯದು ಮಾತಿಗೆ ಹೇಳಿದ್ದಲ್ಲ, ನಮ್ಮ ದೇಶದಲ್ಲೇ ನಡೆದದ್ದು.

ಪ್ಯಾಂಗಾಂಗ್ ಮೇಲೆ ಬೆಳ್ಳಿ

2012ರ ಆಗಸ್ಟ್‌ನಿಂದ ಲಡಾಖಿನ ಗಡಿಯಲ್ಲಿ, ಪ್ಯಾಂಗಾಂಗ್ ಸರೋವರದ ಸುತ್ತಮುತ್ತ ಕಾವಲಿದ್ದ ನಮ್ಮ ಪಡೆಗಳಿಗೆ ಹಳದಿ ಉಂಡೆಗಳು ಕಾಣತೊಡಗಿದವು. ಚೀನಾದ ಕಡೆಯ ದಿಗಂತದಿಂದ ಮೇಲೇಳುತ್ತವೆ, ಮೂರರಿಂದ ಐದು ಗಂಟೆ ನಿಧಾನವಾಗಿ ಆಕಾಶ ದಾಟುತ್ತವೆ, ಮರೆಯಾಗುತ್ತವೆ. 2013ರ ಫೆಬ್ರವರಿ ವೇಳೆಗೆ ದಾಖಲಾದ ದರ್ಶನಗಳು 329. ನೋಡಿದವರು ಗುಂಡು ಹಾಕಿ ಕೂತವರಲ್ಲ, ನೋಡುವುದೇ ಕೆಲಸವಾದ ಸೈನಿಕರು. ರೇಡಾರ್ ತಂದು ಹುಡುಕಿದರು. ಕಣ್ಣಿಗೆ ಕಾಣುತ್ತಿದ್ದದ್ದು ರೇಡಾರಿಗೆ ಸಿಗಲಿಲ್ಲ. ಇದರಿಂದ ನಿಗೂಢ ಇನ್ನಷ್ಟು ಹೆಚ್ಚಿತು: ಲೋಹವಲ್ಲದ ಯಾವುದೋ ಹೊಸ ಯಂತ್ರವಿರಬೇಕು!

ಕೊನೆಗೆ ಕರೆ ಹೋದದ್ದು ಬೆಂಗಳೂರಿಗೆ, ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಈ ಸಂಸ್ಥೆಯ ವೀಕ್ಷಣಾಲಯವಿದೆ. ಅಲ್ಲಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಅಂದರೆ ಆ ಆಕಾಶವನ್ನು ಅವರಷ್ಟು ಬಲ್ಲವರು ಇರಲಿಲ್ಲ. ಅವರು ಕೊಟ್ಟ ಉತ್ತರ: ಒಂದು ಗುರು, ಇನ್ನೊಂದು ಶುಕ್ರ. ಒಂದು ಸಂಜೆ ಆರರ ಹೊತ್ತಿಗೆ ಕಾಣುತ್ತಿತ್ತು, ಇನ್ನೊಂದು ಬೆಳಗಿನ ಜಾವ ನಾಲ್ಕಕ್ಕೆ. 2012ರ ಆಗಸ್ಟ್‌ನಲ್ಲಿ ಶುಕ್ರ ಬೆಳಗಿನ ಆಕಾಶದಲ್ಲಿತ್ತು. ಆ ವರ್ಷದ ಡಿಸೆಂಬರ್ ಆರಂಭದಲ್ಲಿ ಗುರು ಸೂರ್ಯನಿಗೆ ಸರಿಯಾಗಿ ಎದುರು ಬದಿಗೆ ಬಂದು, ಸಂಜೆಯಾಗುತ್ತಲೇ ಪೂರ್ವದಲ್ಲಿ ಏಳುತ್ತಿತ್ತು. ಲಡಾಖಿನಲ್ಲಿ ನಿಂತವರಿಗೆ ಪೂರ್ವ ಎಂದರೆ ಚೀನಾದ ಕಡೆ. ಯಾವ ಗ್ರಹವೇ ಆಗಲಿ ಅಲ್ಲಿ ಗಡಿ ದಾಟಿಯೇ ಬರಬೇಕು.

'ಬೆಳ್ಳಿ ಮೂಡಿತು' ಎಂದು ನೋಡಿಯೇ ಎತ್ತಿಗೆ ನೊಗ ಹೂಡುತ್ತಿದ್ದ ಊರುಗಳಲ್ಲಿ ಈ ತಪ್ಪು ನಡೆಯುತ್ತಿರಲಿಲ್ಲ ಎಂದು ನಗಬಹುದು. ಆದರೆ ನಗುವ ಮೊದಲು ಆ ಎತ್ತರಕ್ಕೆ ಹೋಗಿ ನೋಡಬೇಕು. ಧೂಳಿಲ್ಲ, ತೇವವಿಲ್ಲ, ಗಾಳಿಯೇ ತೆಳುವು. ಬಯಲುಸೀಮೆಯಲ್ಲಿ ಚುಕ್ಕಿಯಾಗಿ ಕಾಣುವ ಗ್ರಹ ಅಲ್ಲಿ ದೀಪದಂತೆ ಉರಿಯುತ್ತದೆ. ಎದುರಿಗೆ ಶತ್ರುವಿದ್ದಾನೆ ಎಂದು ಕಲಿಸಿ ಕಾವಲಿಗೆ ನಿಲ್ಲಿಸಿದ ಕಣ್ಣು ಅದನ್ನು ಬೇರೆ ಯಾವ ಹೆಸರಿನಿಂದ ಕರೆದೀತು?

ಹಾಗಾದರೆ ಗ್ರಹವನ್ನು ಯಂತ್ರದಿಂದ ಬೇರ್ಪಡಿಸುವುದು ಹೇಗೆ? ಒಂದು ರಾತ್ರಿಯ ನೋಟದಲ್ಲಿ ಇದು ಕಷ್ಟ, ಒಂದು ತಿಂಗಳ ದಿನಚರಿಯಲ್ಲಿ ಬಲು ಸುಲಭ. ಭೂಮಿ ಸೂರ್ಯನ ಸುತ್ತ ಸಾಗುತ್ತಿರುವುದರಿಂದ ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚೆ ಹುಟ್ಟುತ್ತದೆ, ತಿಂಗಳಿಗೆ ಎರಡು ಗಂಟೆ. ಗುರುವಿನಂಥ ಗ್ರಹವೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಸರಿಯುತ್ತದೆ. ಬೆಳಕು ಕಂಡ ಸಮಯವನ್ನು ಒಂದರ ಕೆಳಗೊಂದು ಬರೆದಿಟ್ಟು, ಅದು ದಿನದಿನಕ್ಕೆ ಹೀಗೆ ನಿಮಿಷಗಳ ಲೆಕ್ಕದಲ್ಲಿ ಹಿಂದೆ ಹಿಂದೆ ಸರಿಯುತ್ತಿದ್ದರೆ ಅದು ಆಕಾಶದ ಗಡಿಯಾರಕ್ಕೆ ಕಟ್ಟುಬಿದ್ದದ್ದು. ಮನುಷ್ಯ ಹಾರಿಸುವ ಯಂತ್ರಕ್ಕೆ ಅಂಥ ಶಿಸ್ತಿಲ್ಲ. ರೇಡಾರ್ ಸುಮ್ಮನಿದ್ದದ್ದೂ ಈಗ ಅರ್ಥವಾಗುತ್ತದೆ. ಗುರು ಗ್ರಹ ಅರವತ್ತು ಕೋಟಿ ಕಿಲೋಮೀಟರ್ ಆಚೆಗಿತ್ತು.

ಹೆಸ್‌ಡಾಲೆನ್‌ಗೆ ಮರಳೋಣ. ಅಲ್ಲಿನ ವರದಿಗಳಲ್ಲೂ ಗ್ರಹಗಳಿದ್ದವು, ವಿಮಾನಗಳಿದ್ದವು, ಕಾರಿನ ದೀಪಗಳಿದ್ದವು. ಇವನ್ನೆಲ್ಲ ಜರಡಿ ಹಿಡಿಯದೆ 'ಇಷ್ಟು ಸಾವಿರ ಜನ ಕಂಡಿದ್ದಾರೆ, ಸುಳ್ಳಾಗುವುದುಂಟೆ' ಎಂದು ವಾದಿಸುವುದು ಅರ್ಥವಿಲ್ಲದ್ದು. ಅಲೆ ಎಂದರೆ ಒಂದೇ ವಸ್ತುವನ್ನು ಸಾವಿರ ಸಲ ಕಂಡದ್ದಲ್ಲ. ಹತ್ತಾರು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಬಿದ್ದದ್ದು.

ಕಣ್ಣು, ಕತ್ತಲು, ಚಳಿಗಾಳಿ

ಕತ್ತಲಲ್ಲಿ ಒಂಟಿ ಬೆಳಕನ್ನು ದಿಟ್ಟಿಸಿದರೆ ಅದು ಅಲುಗುತ್ತದೆ. ನಿಜಕ್ಕೂ ಅಲುಗುವುದಿಲ್ಲ, ಸುತ್ತ ಹೋಲಿಸಲು ಮರ, ಕಂಬ, ಗೋಡೆ ಏನೂ ಕಾಣದಿದ್ದಾಗ ಕಣ್ಣಿನ ಸಣ್ಣ ಕದಲಿಕೆಯನ್ನು ಮಿದುಳು ಬೆಳಕಿನ ಕದಲಿಕೆ ಎಂದು ಓದುತ್ತದೆ. ರಾತ್ರಿ ಹಾರುವ ಪೈಲಟ್‌ಗಳಿಗೆ ಇದನ್ನು ಎಚ್ಚರಿಕೆಯಾಗಿ ಕಲಿಸುತ್ತಾರೆ. 1935ರಲ್ಲಿ ಮುಜಾಫರ್ ಶರೀಫ್ ಎಂಬ ಮನೋವಿಜ್ಞಾನಿ ಇದನ್ನೇ ಹಿಡಿದು ಒಂದು ಪ್ರಯೋಗ ಪ್ರಕಟಿಸಿದ. ಕತ್ತಲ ಕೋಣೆ, ಒಂದು ಚುಕ್ಕಿ ಬೆಳಕು, ಅದು ಎಷ್ಟು ಅಂಗುಲ ಸರಿಯಿತು ಎಂಬ ಪ್ರಶ್ನೆ. ಒಬ್ಬೊಬ್ಬರೇ ಇದ್ದಾಗ ಒಬ್ಬೊಬ್ಬರದು ಒಂದೊಂದು ಉತ್ತರ. ಕೆಲವರನ್ನು ಒಟ್ಟಿಗೆ ಕೂರಿಸಿ ಗಟ್ಟಿಯಾಗಿ ಹೇಳಿಸಿದಾಗ ಉತ್ತರಗಳು ಒಂದರ ಹತ್ತಿರಕ್ಕೊಂದು ಸರಿದು ಒಮ್ಮತವಾಯಿತು. ಬೆಳಕು ಮಾತ್ರ ಇದ್ದಲ್ಲೇ ಇತ್ತು. ಇನ್ನೂರು ಜನರ ಕಣಿವೆಯಲ್ಲಿ, ಎಲ್ಲರೂ ಎಲ್ಲರಿಗೂ ಪರಿಚಯವಿರುವಲ್ಲಿ, ನಾಲ್ಕು ಮನೆಯವರ ವರ್ಣನೆ ಒಂದೇ ತೆರನಾಗಿದೆ ಎಂಬುದನ್ನು ನಾಲ್ಕು ಸಾಕ್ಷಿಯೆಂದು ಎಣಿಸುವ ಮೊದಲು ಈ ಕೋಣೆಯನ್ನು ನೆನೆಯಬೇಕು. ಅವರು ಸುಳ್ಳು ಹೇಳಿದರು ಎಂಬ ಅರ್ಥದಲ್ಲಿ ಹೇಳುತ್ತಿಲ್ಲ. ಶರೀಫನ ಕೋಣೆಯಲ್ಲೂ ಯಾರೂ ಸುಳ್ಳು ಹೇಳಿರಲಿಲ್ಲ.

ಮಿಕ್ಕದ್ದನ್ನು ಗಾಳಿ ಮಾಡುತ್ತದೆ. ಸಾಮಾನ್ಯವಾಗಿ ನೆಲದ ಬಳಿ ಬಿಸಿ, ಮೇಲೆ ಹೋದಂತೆ ತಂಪು. ಚಳಿಗಾಲದ ನಿಶ್ಚಲ ರಾತ್ರಿಯಲ್ಲಿ ಕಣಿವೆಗಳಲ್ಲಿ ಇದು ತಿರುವುಮುರುವು: ಭಾರವಾದ ತಣ್ಣನೆ ಗಾಳಿ ಹೊಂಡಕ್ಕೆ ನೀರು ಇಳಿದಂತೆ ತಳದಲ್ಲಿ ಶೇಖರವಾಗುತ್ತದೆ, ಅದರ ಮೇಲೆ ಬೆಚ್ಚನೆ ಗಾಳಿಯ ಮುಚ್ಚಳ. ಬೆಳಕಿನ ಕಿರಣ ಈ ಎರಡರ ಗಡಿಯಲ್ಲಿ ಸಾಗುವಾಗ ನೆಲದ ಕಡೆಗೆ ಬಾಗುತ್ತದೆ. ಹಾಗಾಗಿ ದಿಣ್ಣೆಯ ಆಚೆ ಮರೆಯಾಗಿರಬೇಕಾದ ದೀಪ ದಿಣ್ಣೆಯ ಮೇಲೆ ತೇಲಿದಂತೆ ಕಾಣಬಲ್ಲದು, ಉದ್ದಕ್ಕೆ ಹಿಗ್ಗಬಲ್ಲದು, ಎರಡಾಗಿ ಒಡೆಯಬಲ್ಲದು.

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಒಳನಾಡಿನಲ್ಲಿ 'ಮಿನ್‌ಮಿನ್' ಎಂಬ ಬೆಳಕಿದೆ. ಬಯಲಿನಲ್ಲಿ ಹೋಗುವವರನ್ನು ಹಿಂಬಾಲಿಸುತ್ತದೆಂದು ಹೆಸರು ಮಾಡಿದ್ದು, ಸಾಕ್ಷಾತ್ ನಮ್ಮ ಕೊಳ್ಳಿದೆವ್ವವೇ. ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ನರವಿಜ್ಞಾನಿ ಜಾಕ್ ಪೆಟಿಗ್ರೂ ಇದರ ಬೆನ್ನು ಹತ್ತಿ, ತಂಪಾದ ಒಂದು ರಾತ್ರಿ ಕಾರನ್ನು ಸುಮಾರು ಹತ್ತು ಕಿಲೋಮೀಟರ್ ದೂರಕ್ಕೆ ಒಯ್ದು, ನೇರಕ್ಕೆ ಕಾಣದ ತಗ್ಗಿನಲ್ಲಿ ನಿಲ್ಲಿಸಿ ಹೆಡ್‌ಲೈಟ್ ಹಾಕಿದ. ಇತ್ತ ಕಾದು ನಿಂತ ಸಂಗಡಿಗರಿಗೆ ದಿಗಂತದ ಮೇಲೆ ಮಿನ್‌ಮಿನ್ ತೇಲಿತು. ಅವನು 2003ರಲ್ಲಿ ಇದನ್ನು ಪ್ರಕಟಿಸಿದ. ನಾನು ಓದಿದ ಕೊಳ್ಳಿದೆವ್ವ ಸಂಶೋಧನೆಗಳಲ್ಲೆಲ್ಲ ಇದು ಅತಿ ಅಗ್ಗದ್ದು ಮತ್ತು ಅತಿ ಸೊಗಸಿನದು: ದೆವ್ವವನ್ನು ಹುಡುಕಲಿಲ್ಲ, ತಯಾರಿಸಿ ತೋರಿಸಿದ.

ಐದು ವಾರ, ಮೈನಸ್ 30

1983ರಲ್ಲಿ ನಾರ್ವೆ ಮತ್ತು ಸ್ವೀಡನ್‌ನ ಐವರು ಆಸಕ್ತರು ಸೇರಿ 'ಪ್ರಾಜೆಕ್ಟ್ ಹೆಸ್‌ಡಾಲೆನ್' ಶುರುಮಾಡಿದರು. ಅವರಲ್ಲಿ ಎರ್ಲಿಂಗ್ ಸ್ಟ್ರಾಂಡ್ ಎಂಬ ಎಂಜಿನಿಯರ್ ಮುಂದೆ ಇದನ್ನೇ ಬದುಕಿನ ಕೆಲಸ ಮಾಡಿಕೊಂಡರು. ಇವರು ಬೆಳಕಿಗೆ ತಟ್ಟೆ ಎನ್ನಲಿಲ್ಲ, ದೀಪ ಎನ್ನಲಿಲ್ಲ, 'ವಿದ್ಯಮಾನ' ಎಂದರು. ಒಣ ಪದ, ಆದರೆ ಯಾವ ಬಾಗಿಲನ್ನೂ ಮುಚ್ಚದ ಪದ.

1984ರ ಜನವರಿ 21ರಿಂದ ಫೆಬ್ರವರಿ 26ರವರೆಗೆ ಗುಡ್ಡದ ಮೇಲೊಂದು ಕಾರವಾನ್ ನಿಲ್ಲಿಸಿ ಠಿಕಾಣಿ ಹೂಡಿದರು. ರೇಡಾರ್, ಭೂಕಂಪಮಾಪಕ, ಕಾಂತತೆ ಅಳೆಯುವ ಯಂತ್ರ, ರೇಡಿಯೋ ತರಂಗಗಳ ವಿಶ್ಲೇಷಕ, ವಿಕಿರಣ ಅಳೆಯುವ ಗೈಗರ್ ಮಾಪಕ, ಅತಿಗೆಂಪು ದರ್ಶಕ, ಲೇಸರ್, ಬೆಳಕನ್ನು ಬಣ್ಣಗಳಾಗಿ ಒಡೆಯುವ ಜಾಲರಿ ಹಾಕಿದ ಕ್ಯಾಮೆರಾಗಳು. ಬಹುಪಾಲು ಬೇಡಿ ತಂದವು. ಕೊನೆಗೆ ಅವರ ಪಟ್ಟಿಯಲ್ಲಿ ಉಳಿದ ದರ್ಶನಗಳು 53.

ಭೂಕಂಪಮಾಪಕ ಬೆಳಕಿಗೆ ಹೊಂದುವಂಥ ಏನನ್ನೂ ಹಿಡಿಯಲಿಲ್ಲ. ಗೈಗರ್ ಮಾಪಕವೂ ಅಷ್ಟೆ. ರೇಡಾರ್ ಮಾತ್ರ ಗುರುತುಗಳನ್ನು ತೋರಿಸಿತು, ಅದರಲ್ಲೊಂದರ ವೇಗ ಗಂಟೆಗೆ ಸುಮಾರು 30,000 ಕಿಲೋಮೀಟರ್ ಎಂದು ಲೆಕ್ಕಕ್ಕೆ ಬಂತು. ಅಂಥ ವೇಗದಲ್ಲಿ ಗಾಳಿಯನ್ನು ಸೀಳಿಕೊಂಡು ಹೋದ ವಸ್ತು ಗುಡುಗಿನಂಥ ಸದ್ದು ಮಾಡಬೇಕಿತ್ತು, ಮಾಡಲಿಲ್ಲ. ಮೇಲೆ ಹೇಳಿದ ಬೆಚ್ಚನೆ ಗಾಳಿಯ ಮುಚ್ಚಳ ಬೆಳಕನ್ನು ಬಗ್ಗಿಸಿದಂತೆ ರೇಡಾರ್ ಅಲೆಯನ್ನೂ ಬಗ್ಗಿಸುತ್ತದೆ, ದೂರದ ಗುಡ್ಡದ ಪ್ರತಿಫಲನ ಹತ್ತಿರದ ವಸ್ತುವಿನಂತೆ ಪರದೆಯ ಮೇಲೆ ಜಿಗಿಯುತ್ತದೆ. ಆದ್ದರಿಂದ ಆ ವೇಗದ ಅಂಕಿಯನ್ನು ಹೆಡ್‌ಲೈನ್ ಮಾಡುವವರ ಬಗ್ಗೆ ನನಗೆ ಗುಮಾನಿ.

ಲೇಸರ್ ಪ್ರಸಂಗ ಇನ್ನೂ ಜನಪ್ರಿಯ. ಮಿಣುಕುತ್ತ ಸಾಗುತ್ತಿದ್ದ ಒಂದು ಬೆಳಕಿಗೆ ಲೇಸರ್ ಹಿಡಿದರು; ಮಿಣುಕಿನ ಲಯ ಬದಲಾಗಿ ಜೋಡಿ ಮಿಣುಕಾಯಿತು, ಲೇಸರ್ ತೆಗೆದಾಗ ಮೊದಲಿನಂತಾಯಿತು. ಒಂಬತ್ತು ಸಲ ಹಿಡಿದದ್ದಕ್ಕೆ ಎಂಟು ಸಲ ಹೀಗಾಯಿತು ಎಂದು ವರದಿ. ಓದುವಾಗ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಲೇಸರ್ ಹಿಡಿಯದೆಯೂ ಆ ಬೆಳಕಿನ ಲಯ ಎಷ್ಟು ಸಲ ಬದಲಾಗುತ್ತಿತ್ತು ಎಂಬ ಸಮಾನಾಂತರ ಎಣಿಕೆ ಬೇಕು. ಯಾವಾಗ ಲೇಸರ್ ಹಿಡಿದಿದ್ದಾರೆಂದು ತಿಳಿಯದ ಇನ್ನೊಬ್ಬರು ಮಿಣುಕು ಎಣಿಸಬೇಕು. ಒಂಬತ್ತು ಯತ್ನಗಳಿಂದ ಇದಕ್ಕಿಂತ ಹೆಚ್ಚು ಹಿಂಡಿದರೆ ರಸ ಬರುವುದಿಲ್ಲ.

1985ರಲ್ಲಿ ಅಲೆನ್ ಹೈನೆಕ್ ಹೆಸ್‌ಡಾಲೆನ್‌ಗೆ ಬಂದುಹೋದರು. ಅಮೆರಿಕದ ವಾಯುಪಡೆಗೆ ಹಾರುವ ತಟ್ಟೆಗಳ ವಿಷಯದಲ್ಲಿ ಸಲಹೆಗಾರನಾಗಿದ್ದ ಈ ಖಗೋಳಜ್ಞ ಮೊದಮೊದಲು ಎಲ್ಲವನ್ನೂ ತಳ್ಳಿಹಾಕುತ್ತ, ಬರಬರುತ್ತ ಕೆಲವನ್ನು ತಳ್ಳಿಹಾಕಲಾಗದು ಎಂಬಲ್ಲಿಗೆ ಬಂದವರು.

ದೂರ ಗೊತ್ತಿಲ್ಲದಿದ್ದರೆ ಏನೂ ಗೊತ್ತಿಲ್ಲ

1998ರ ಆಗಸ್ಟ್‌ನಲ್ಲಿ ಕಣಿವೆಯಲ್ಲಿ ಸ್ವಯಂಚಾಲಿತ ವೀಕ್ಷಣಾ ಕೇಂದ್ರ ಕೂತಿತು. ಸ್ಟ್ರಾಂಡ್ ಪಾಠ ಹೇಳುತ್ತಿದ್ದ ಓಸ್ಟ್‌ಫೋಲ್ಡ್ ಕಾಲೇಜಿನ ಕೆಲಸವಿದು. ಹಗಲೂ ರಾತ್ರಿ ಕ್ಯಾಮೆರಾ ಕಾಯುತ್ತದೆ, ಬೆಳಕು ಕಂಡರೆ ಚಿತ್ರ ಉಳಿಸುತ್ತದೆ. ಎರಡು ವರ್ಷದ ನಂತರ ಇಟಲಿಯ ರೇಡಿಯೋ ಖಗೋಳ ಸಂಸ್ಥೆಯವರೂ ಜೊತೆಗೂಡಿದರು. ಅವರೊಂದಿಗೆ ಬಂದ ಖಭೌತವಿಜ್ಞಾನಿ ಮಾಸ್ಸಿಮೊ ತೆಯೊದೊರಾನಿ 2004ರಲ್ಲಿ ಬರೆದ ಪ್ರಕಾರ ಆ ಬೆಳಕಿನುಂಡೆ ಒಂದು ಗಟ್ಟಿ ವಸ್ತುವಲ್ಲ, ಒಂದೇ ಕೇಂದ್ರದ ಸುತ್ತ ಕಂಪಿಸುವ ಹಲವು ಸಣ್ಣ ಬೆಳಕುಗಳ ಗೊಂಚಲು. ಅದರ ಪ್ರಖರತೆ ಏರುವುದು ಹೆಚ್ಚು ಬಿಸಿಯಾಗುವುದರಿಂದಲ್ಲ, ಬೆಳಗುವ ಮೈ ಅಗಲವಾಗುವುದರಿಂದ. ಬಹುಪಾಲು ಅದು ಬಿಸಿ ಪ್ಲಾಸ್ಮಾ. ಪ್ಲಾಸ್ಮಾ ಎಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದ ಅನಿಲ. ಟ್ಯೂಬ್‌ಲೈಟಿನೊಳಗೆ, ಸಿಡಿಲಿನಲ್ಲಿ, ವೆಲ್ಡಿಂಗ್ ಕಿಡಿಯಲ್ಲಿ ಇರುವುದು ಅದೇ.

ಇಟಲಿಯವರೇ ಆದ ಮಟ್ಟೆಯೊ ಲಿಯೋನೆ ಇದಕ್ಕೆ ತಕರಾರು ತೆಗೆದರು. ತಂಡ ದಾಖಲಿಸಿದ ಕೆಲವು ಬೆಳಕುಗಳು ದೂರದ ರಸ್ತೆಯಲ್ಲಿ ಬರುವ ಕಾರುಗಳ ಹೆಡ್‌ಲೈಟಿಗೆ ಹೊಂದುತ್ತವೆ ಎಂಬುದು ಅವರ ವಾದದ ತಿರುಳು. ತಮಾಷೆಯೆಂದರೆ, ತಂಡ ದಾಖಲಿಸಿದ ಬೆಳಕಿನಂತೆ ಹಳೆಯ ಹೆಡ್‌ಲೈಟಿನ ತಂತಿ ಕೊಡುವುದೂ ಒಡೆಯದ, ಅಖಂಡ ಬಣ್ಣದ ಪಟ್ಟಿಯನ್ನೇ. ಬಣ್ಣದ ಪಟ್ಟಿಯಲ್ಲಿ ಚೂಪು ಗೆರೆಗಳಿದ್ದರೆ ಯಾವ ಧಾತು ಉರಿಯುತ್ತಿದೆ ಎಂದು ಹೆಸರು ಹಿಡಿದು ಹೇಳಬಹುದು. ಅಖಂಡ ಪಟ್ಟಿ ಕಂಡರೆ ಬಿಸಿಯಾದದ್ದೇನೋ ಇದೆ ಎನ್ನಬಹುದಷ್ಟೆ.

ಈ ಜಗಳದ ಬುಡದಲ್ಲಿರುವುದು ಒಂದು ಸರಳ ಸಂಗತಿ: ದೂರ. ಒಂದು ಕ್ಯಾಮೆರಾದ ಚಿತ್ರದಲ್ಲಿ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. ಒಂದು ಕಿಲೋಮೀಟರ್ ಆಚೆಯ ಲಾಂದ್ರ, ಹತ್ತು ಕಿಲೋಮೀಟರ್ ಆಚೆಯ ಹೆಡ್‌ಲೈಟ್, ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಶುಕ್ರ ಮೂರೂ ಅದೇ ಚುಕ್ಕಿ. ದೂರವನ್ನು ಎರಡು ಪಟ್ಟು ತಪ್ಪಾಗಿ ಊಹಿಸಿದರೆ ಬೆಳಕಿನ ಶಕ್ತಿಯ ಲೆಕ್ಕ ನಾಲ್ಕು ಪಟ್ಟು ಕೆಡುತ್ತದೆ. ಹತ್ತು ಪಟ್ಟು ತಪ್ಪಿದರೆ ನೂರು ಪಟ್ಟು. ಗಾತ್ರ, ವೇಗ, ಶಕ್ತಿ ಎಲ್ಲವೂ ದೂರದ ಸಾಲಗಾರರು. ಬೇಕಾದ್ದು, ಕೆಲವು ಕಿಲೋಮೀಟರ್ ಅಂತರದ ಎರಡು ಜಾಗಗಳಿಂದ, ಒಂದೇ ಕ್ಷಣದಲ್ಲಿ, ಒಂದೇ ಬೆಳಕಿನ ಚಿತ್ರ. ಹೊಲ ಅಳೆಯುವ ಸರ್ವೆಯವರಿಗೆ ಗೊತ್ತಿರುವ ತ್ರಿಕೋನದ ಲೆಕ್ಕವೇ. ಯಾವಾಗ, ಎಲ್ಲಿ ಬರುತ್ತದೆಂದು ಗೊತ್ತಿಲ್ಲದ, ಬಂದರೂ ಎಷ್ಟೋ ಸಲ ಕೆಲವೇ ಸೆಕೆಂಡು ನಿಲ್ಲುವ ಬೆಳಕಿನ ಮೇಲೆ ಈ ಲೆಕ್ಕ ಮಾಡುವುದು ಮಾತ್ರ ಸರ್ವೆಯಷ್ಟು ಸಲೀಸಲ್ಲ.

ಜರಡಿಯಲ್ಲಿ ಉಳಿದದ್ದು

ಎಲ್ಲ ಸೋಸಿದ ಮೇಲೂ ಒಂದಿಷ್ಟು ಉಳಿಯುತ್ತದೆ ಎಂದು ಅಲ್ಲಿ ದುಡಿದವರು ಒತ್ತಿ ಹೇಳುತ್ತಾರೆ. ಆ ಉಳಿಕೆಗೆ ವಿವರಣೆಗಳಿಗೇನೂ ಬರವಿಲ್ಲ, ಹೆಚ್ಚಿನವು ಆ ನೆಲದಿಂದಲೇ ಎದ್ದವು. ಅದು ಗಣಿಗಳ ಸೀಮೆ. ಪಕ್ಕದ ರೋರೋಸ್ ಪಟ್ಟಣದಲ್ಲಿ 1644ರಿಂದ 1977ರವರೆಗೆ ತಾಮ್ರ ತೆಗೆದರು, 333 ವರ್ಷ.

ಇಟಲಿಯ ಯಾದರ್ ಮೊನಾರಿ ಇದರಿಂದಲೇ ಒಂದು ಚಂದದ ಊಹೆ ಕಟ್ಟಿದರು. ಕಣಿವೆಯ ಒಂದು ಬದಿಯ ಬಂಡೆಯಲ್ಲಿ ಸತು ಮತ್ತು ಕಬ್ಬಿಣ, ಇನ್ನೊಂದು ಬದಿಯಲ್ಲಿ ತಾಮ್ರ, ನಡುವೆ ಹರಿಯುವ ಹೊಳೆಗೆ ಹಳೆ ಗಣಿಯ ಗಂಧಕದಿಂದ ಆಮ್ಲದ ಗುಣ. ಶಾಲೆಯಲ್ಲಿ ನಿಂಬೆಹಣ್ಣಿಗೆ ಸತುವಿನ ಮೊಳೆ, ತಾಮ್ರದ ತಂತಿ ಚುಚ್ಚಿ ಬ್ಯಾಟರಿ ಮಾಡಿದ್ದು ನೆನಪಿದ್ದರೆ, ಇಡೀ ಕಣಿವೆಯೇ ಆ ನಿಂಬೆಹಣ್ಣು. ಎರಡೂ ಬದಿಯ ಕಲ್ಲು ತಂದು ಹೊಳೆಯ ಹೂಳಿನ ನಡುವೆ ಇಟ್ಟು ವಿದ್ಯುತ್ ಹರಿಸಿಯೂ ತೋರಿಸಿದರು. ಸರಿ. ಆದರೆ ಇಂಥ ಬ್ಯಾಟರಿ ಕೊಡುವುದು ಒಂದೆರಡು ವೋಲ್ಟ್. ಒಣ ಗಾಳಿಯನ್ನು ಒಡೆದು ಕಿಡಿ ಎಬ್ಬಿಸಲು ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ಬೇಕು. ನಿಂಬೆಹಣ್ಣಿನಿಂದ ಸಿಡಿಲಿನವರೆಗಿನ ಆ ಹಾದಿಯಲ್ಲಿ ಸೇತುವೆ ಇನ್ನೂ ಆಗಿಲ್ಲ.

ಬ್ರೆಜಿಲ್‌ನ ಪೈವಾ ಮತ್ತು ಟಾಫ್ಟ್ 2010ರಲ್ಲಿ ರೇಡಾನ್ ಅನಿಲವನ್ನು ಮುಂದಿಟ್ಟರು. ಬಂಡೆಯಿಂದ ಒಸರುವ ಈ ವಿಕಿರಣಶೀಲ ಅನಿಲ ಗಾಳಿಯ ಧೂಳಿಗೆ ವಿದ್ಯುದಂಶ ತುಂಬುತ್ತದೆ, ಧೂಳಿನ ಕಣಗಳು ಹರಳಿನಂತೆ ಸಾಲುಗಟ್ಟಿ ಹೊಳೆಯುತ್ತವೆ ಎಂದು. 1984ರ ಗೈಗರ್ ಮಾಪಕ ಸುಮ್ಮನಿತ್ತಲ್ಲ ಎಂದು ಕೇಳಬಹುದು. ಮಾಪಕ ಇದ್ದದ್ದು ಗುಡ್ಡದ ಮೇಲೆ, ಬೆಳಕು ಇದ್ದದ್ದು ದೂರದಲ್ಲಿ ಎಂಬ ಮರುಮಾತೂ ಇದೆ. ಬೆಣಚುಕಲ್ಲು ಒತ್ತಡಕ್ಕೆ ಸಿಕ್ಕಾಗ ವಿದ್ಯುತ್ ಹುಟ್ಟಿಸುತ್ತದೆ ಎಂಬುದನ್ನು ಆಧರಿಸಿದ ಊಹೆಯೊಂದಿದೆ, ಗ್ಯಾಸ್ ಲೈಟರಿನ 'ಟಕ್' ಕಿಡಿಯ ತತ್ವ ಅದೇ. ಸ್ಕ್ಯಾಂಡಿಯಂ ಎಂಬ ಲೋಹ ಬೆರೆತ ಧೂಳು ಗಾಳಿಯಲ್ಲಿ ಉರಿಯುತ್ತದೆ ಎಂಬುದು ಮತ್ತೊಂದು. ಇವುಗಳಲ್ಲಿ ಯಾವುದೂ ಬೆಳಕು ಒಂದು ಗಂಟೆ ನಿಲ್ಲುವುದನ್ನೂ, ಒಂದು ಸೆಕೆಂಡಿನಲ್ಲಿ ಮಾಯವಾಗುವುದನ್ನೂ ಒಟ್ಟಿಗೆ ವಿವರಿಸುವುದಿಲ್ಲ. ಬಹುಶಃ ವಿವರಿಸಲೂ ಬೇಕಿಲ್ಲ. ಗಂಟೆಗಟ್ಟಲೆ ನಿಲ್ಲುವುದು ಒಂದು ಜಾತಿ, ಥಟ್ಟನೆ ಮಿಂಚುವುದು ಇನ್ನೊಂದು ಜಾತಿ ಇದ್ದೀತು. ಒಂದೇ ಹೆಸರಿನಡಿ ಕೂಡಿಹಾಕಿದ್ದೇ ತೊಡಕಾಗಿದೆ ಎಂಬ ಗುಮಾನಿ ನನಗೆ ಬಲವಾಗಿದೆ.

ಸರಿಯಾದ ಒಂದು ವರ್ಣಪಟಲ, ಅಂದರೆ ಬೆಳಕಿನ ಬಣ್ಣದ ಪಟ್ಟಿ, ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಚೀನಾದ ಉದಾಹರಣೆಯಿದೆ. 2012ರಲ್ಲಿ ಛಿಂಗ್‌ಹೈ ಪ್ರಾಂತದಲ್ಲಿ ಸಿಡಿಲನ್ನು ಅಭ್ಯಾಸ ಮಾಡಲು ಹೂಡಿಟ್ಟ ಯಂತ್ರಗಳಿಗೆ ಅಕಸ್ಮಾತ್ತಾಗಿ ಒಂದು ಸಿಡಿಲಿನುಂಡೆ, ಅಂದರೆ ಸಿಡಿಲಿನ ಹೊತ್ತಿಗೆ ಅಪರೂಪಕ್ಕೆ ಕಾಣುವ ಬೆಳಕಿನ ಉಂಡೆ, ಸಿಕ್ಕಿಬಿತ್ತು. ಅದರ ಬೆಳಕಿನಲ್ಲಿ ಸಿಲಿಕಾನ್, ಕಬ್ಬಿಣ, ಕ್ಯಾಲ್ಸಿಯಂ ಗೆರೆಗಳು ಚೊಕ್ಕವಾಗಿ ಕಂಡವು. ಮೂರೂ ಮಣ್ಣಿನವು. ಸಿಡಿಲು ಬಡಿದ ನೆಲವೇ ಆವಿಯಾಗಿ ಉರಿಯುತ್ತಿದೆ ಎಂಬ ವಾದಕ್ಕೆ, ಶತಮಾನಗಳ ಕಟ್ಟುಕತೆಗಳು ಕೊಡಲಾಗದ ಬಲವನ್ನು ಆ ಕೆಲವು ಗೆರೆಗಳು ಕೊಟ್ಟವು.

ಇನ್ನು ಅಲೆ ಯಾಕೆ ಇಳಿಯಿತು? ವಾರಕ್ಕೆ ಇಪ್ಪತ್ತು ಕಾಣುತ್ತಿದ್ದದ್ದು ಈಗ ವರ್ಷಕ್ಕೆ ಹತ್ತಿಪ್ಪತ್ತಕ್ಕೆ ನಿಂತಿದೆ. ಆಗ ನೆಲದೊಳಗೆ ಏನೋ ನಡೆದು ತಣ್ಣಗಾಗಿರಬಹುದು. ಅಥವಾ ಆಗ ಇಡೀ ಊರು, ಹೊರಗಿನವರೂ ಸೇರಿ, ರಾತ್ರಿಯಿಡೀ ಆಕಾಶ ನೋಡುತ್ತಿತ್ತು; ನೋಡುವವರು ಹೆಚ್ಚಾದರೆ ಕಾಣುವುದೂ ಹೆಚ್ಚು, ಶುಕ್ರನೂ ವಿಮಾನವೂ ಲೆಕ್ಕಕ್ಕೆ ಸೇರುತ್ತವೆ. ಆಮೇಲೆ ಜನ ನೋಡುವುದು ಬಿಟ್ಟರು, ನೋಡುವ ಕೆಲಸವನ್ನು ಕ್ಯಾಮೆರಾ ವಹಿಸಿಕೊಂಡಿತು. ಕ್ಯಾಮೆರಾಕ್ಕೆ ಪಕ್ಕದ ಮನೆಯವರ ಮಾತು ಕೇಳಿಸುವುದಿಲ್ಲ. ನನ್ನ ಒಲವು ಎರಡನೆಯದರ ಕಡೆಗೆ, ಆದರೆ 1981ರಿಂದ 84ರವರೆಗೆ ಅಂಥದೊಂದು ಕ್ಯಾಮೆರಾ ಅಲ್ಲಿ ಕೂತಿದ್ದರೆ ಒಲವಿನ ಮಾತೇ ಬೇಕಿರಲಿಲ್ಲ.

ಜರಡಿಯ ಕಣ್ಣುಗಳನ್ನೂ ಈಗ ಬದಲಿಸಬೇಕಾಗಿದೆ. 2019ರಿಂದ ಸ್ಟಾರ್‌ಲಿಂಕ್ ಉಪಗ್ರಹಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲುಗಟ್ಟಿ ಹೋಗುವುದನ್ನು ಭಾರತದಲ್ಲೂ ಎಷ್ಟೋ ಊರಿನವರು ಕಂಡು ಗಾಬರಿಯಾಗಿ ಫೋನು ಮಾಡಿದ್ದಾರೆ. ಡ್ರೋನ್ ಮದುವೆಮನೆಗೂ ಬಂದಿದೆ. 1984ರಲ್ಲಿ ವಿಮಾನ, ಗ್ರಹ, ಕಾರು ಕಳೆದರೆ ಸಾಕಿತ್ತು.

ಹೆಸ್‌ಡಾಲೆನ್‌ಗೆ ವಿದ್ಯಾರ್ಥಿಗಳ ಗುಂಪುಗಳು ಶಿಬಿರಕ್ಕೆಂದು ಹೋಗುವುದುಂಟು. ಬೇರೆ ಬೇರೆ ಗುಡ್ಡ ಹಂಚಿಕೊಂಡು, ಗಡಿಯಾರಗಳನ್ನು ಸೆಕೆಂಡಿಗೆ ಸರಿಹೊಂದಿಸಿಕೊಂಡು, ಕ್ಯಾಮೆರಾದ ಮುಂದೆ ಜಾಲರಿ ಹಾಕಿ, ರಗ್ಗು ಹೊದ್ದು ಕೂರುತ್ತಾರೆ. ಒಂದು ಗುಡ್ಡದವರಿಗೆ ಬೆಳಕು ಕಂಡರೆ ತಕ್ಷಣ ರೇಡಿಯೋದಲ್ಲಿ ಇನ್ನೊಂದು ಗುಡ್ಡದವರನ್ನು ಕೇಳುತ್ತಾರೆ: ನಿಮಗೂ ಕಾಣಿಸುತ್ತಿದೆಯೇ, ಯಾವ ದಿಕ್ಕಿಗೆ, ಎಷ್ಟು ಡಿಗ್ರಿ?